ಮನೆ ಬದಲಿಸಿದ ಹಾಡು

(ಬಾನುಲಿ ಭಾಷಣ)

ಹಾಡಿಗೆ ಸ್ವಂತ ಮನೆಯೊಂದುಂಟೆ? ಉಂಟು ಎಂದೇ ನಾವೆಲ್ಲ ನಂಬಿದ್ದೇವೆ. ಬೀಸುವ ಪದಕ್ಕೆ ರಾಗಿಕಲ್ಲಿನ ಮಗ್ಗುಲು, ಸೋಬಾನೆಗೆ ಹಸೆಮಣೆ, ರಂಗಗೀತೆಗೆ ನಾಟಕದ ಡೇರೆ, ಕೃತಿಗೆ ಕಛೇರಿಯ ವೇದಿಕೆ: ಹೀಗೆ ಒಂದೊಂದು ಹಾಡಿಗೂ ಒಂದೊಂದು ನೆಲೆಯನ್ನು ನಮ್ಮ ಹಿರಿಯರು ಗೊತ್ತುಮಾಡಿಟ್ಟಿದ್ದಾರೆ. ಆದರೆ ಹಾಡು ಕಟ್ಟಿದ ಗೂಟದಲ್ಲಿ ನಿಲ್ಲುವ ಜೀವವಲ್ಲ. ಡೇರೆಯಲ್ಲಿ ಕೇಳಿದ ಪದವನ್ನು ಮರುದಿನ ಬಾವಿಕಟ್ಟೆಯಲ್ಲಿ ಗುನುಗುತ್ತೇವೆ. ಮುಂದಿನ ವರ್ಷ ಅದು ಮದುವೆಯ ಮೆರವಣಿಗೆಯಲ್ಲಿ ಕೇಳುತ್ತದೆ. ಇನ್ನೊಂದು ತಲೆಮಾರು ಕಳೆಯುವುದರೊಳಗೆ ಆ ನಾಟಕ ಯಾವುದು, ಬರೆದವರಾರು ಎಂಬುದೇ ಮರೆತುಹೋಗಿರುತ್ತದೆ. ಹೀಗೆ ಮನೆ ಬದಲಿಸಿದ ಹಾಡು ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಪಡೆದುಕೊಳ್ಳುತ್ತದೆ? ಈ ಪ್ರಶ್ನೆಯನ್ನು ಇಂದು ಒಂದೇ ಒಂದು ಗ್ರಾಮಫೋನ್ ತಟ್ಟೆಯ ನೆಪದಲ್ಲಿ ತಮ್ಮ ಮುಂದಿಡಬೇಕೆಂದಿದ್ದೇನೆ.

ಅದು 1980ರ ದಶಕದ ಮಾತು. ಕನ್ನಡ ಎಂ.ಎ. ಮುಗಿಸಿ ನಾನು ಆಗತಾನೆ ಅಧ್ಯಾಪಕನಾಗಿದ್ದೆ. ಬೆಂಗಳೂರಿನ ದಂಡುಪ್ರದೇಶದಲ್ಲಿ ಮನೆ ಖಾಲಿಮಾಡಿ ಪರದೇಶಕ್ಕೆ ಹೊರಟಿದ್ದ ಕುಟುಂಬವೊಂದರಿಂದ ನನ್ನ ಸ್ನೇಹಿತರೊಬ್ಬರು ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನನ್ನೂ ಒಂದು ಪೆಟ್ಟಿಗೆ ತಟ್ಟೆಗಳನ್ನೂ ಕೊಂಡಿದ್ದರು. ಬೇಸಗೆಯ ರಜೆಯಲ್ಲಿ ಅವನ್ನು ಎರವಲು ತಂದು ಪೆರೇಸಂದ್ರದ ನಮ್ಮ ಮನೆಯ ಜಗಲಿಯ ಮೇಲಿಟ್ಟೆ. ತಟ್ಟೆಗಳಲ್ಲಿ ಒಂದರ ಮೇಲೆ ‘ಸಾಂಗ್ ಆಫ್ ಇಂಡಿಯಾ’ ಎಂದಿತ್ತು. ಕೆಳಗೆ ಟಾಮಿ ಡಾರ್ಸಿ ಮತ್ತು ಅವನ ವಾದ್ಯವೃಂದದ ಹೆಸರು. ಭಾರತದ ಹಾಡು! ಸಾಗರದಾಚೆಯವರು ನಮ್ಮ ಹಾಡನ್ನು ನುಡಿಸಿದ್ದಾರೆಂಬ ಹೆಮ್ಮೆಯಿಂದ ಮುಳ್ಳನ್ನಿಟ್ಟೆ. ಕೇಳಿಬಂದದ್ದು ವೀಣೆಯಲ್ಲ, ವೇಣುವಲ್ಲ. ಹಿತ್ತಾಳೆಯ ವಾದ್ಯಗಳು, ಕುಣಿಯಲು ಕರೆಯುವ ತಾಳ. ಕಂಬಕ್ಕೊರಗಿ ಕೂತು ಕೇಳುತ್ತಿದ್ದ ತಂದೆಯವರು, ತಟ್ಟೆ ನಿಂತಮೇಲೆ, “ಇದ್ರಾಗೆ ಇಂಡಿಯಾ ಎಲ್ಲೈತಪ್ಪ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವನು ತೀರ್ಪು ಕೊಡುವುದು ವಾಡಿಕೆ. “ಮೂಲವನ್ನು ಕೆಡಿಸಿ ಕುಣಿತಕ್ಕೆ ಹೊಂದಿಸಿಕೊಂಡಿದ್ದಾರೆ” ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲದೆ ತರಗತಿಯಲ್ಲಿಯೂ ಒಮ್ಮೆ, ಕಲೆ ಪೇಟೆಗೆ ಬಿದ್ದಾಗ ಆಗುವ ಅಪಚಾರಕ್ಕೆ ಉದಾಹರಣೆಯಾಗಿ ಆ ತಟ್ಟೆಯ ಪ್ರಸ್ತಾಪ ಮಾಡಿದೆ. ಮೂಲವನ್ನು ಕೇಳದೆಯೇ ಕೊಟ್ಟ ತೀರ್ಪು ಅದು. ಅದರ ಪುನರ್ವಿಮರ್ಶೆಗೆ ನನಗೆ ಬಹುಕಾಲ ಹಿಡಿಯಿತು.

ಮೂಲ ಇರುವುದು ರಷ್ಯಾದಲ್ಲಿ. ನಿಕೊಲಾಯ್ ರಿಮ್ಸ್ಕಿ-ಕೊರ್ಸಾಕೊವ್ ಎಂಬ ರಷ್ಯನ್ ಸಂಗೀತಕಾರ ರಚಿಸಿದ ‘ಸದ್ಕೊ’ ಎಂಬ ಆಪೆರಾದಲ್ಲಿ. ಆಪೆರಾ ಎಂದರೆ ಆದ್ಯಂತವಾಗಿ ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಗೀತನಾಟಕಕ್ಕೆ ದೊಡ್ಡ ವಾದ್ಯಮೇಳದ ಬೆಂಬಲ ಕೊಟ್ಟರೆ ಹೇಗೋ ಹಾಗೆ. ಕಥೆ ಆ ನಾಡಿನ ಜನಪದ ವೀರಗೀತೆಗಳಿಂದ ಬಂದದ್ದು. ನವ್ಗೊರೊದ್ ಪಟ್ಟಣದ ಬಡ ಗಾಯಕ ಸದ್ಕೊ, ಗುಸ್ಲಿ ಎಂಬ ತಂತಿವಾದ್ಯವನ್ನು ನುಡಿಸಿ ಕಡಲರಸನ ಕೃಪೆ ಪಡೆದು ಸಿರಿವಂತ ವರ್ತಕನಾಗುವ ಕಥೆ. ರಾಜಾಶ್ರಯದ ರಂಗಮಂದಿರ ಈ ಕೃತಿಯನ್ನು ಸ್ವೀಕರಿಸಲಿಲ್ಲ. ಕೊನೆಗೆ ರೈಲುದಾರಿಗಳ ಉದ್ಯಮದಲ್ಲಿ ಹಣಗಳಿಸಿದ್ದ ಸಾವ್ವಾ ಮಾಮೊಂತೊವ್ ಎಂಬಾತನ ಖಾಸಗಿ ಕಂಪನಿ 1898ರ ಜನವರಿಯಲ್ಲಿ ಮಾಸ್ಕೊ ನಗರದಲ್ಲಿ ಅದನ್ನು ರಂಗಕ್ಕೆ ತಂದಿತು. ಅರಮನೆ ಒಲ್ಲದ್ದನ್ನು ವರ್ತಕನ ಕಂಪನಿ ಆಡಿಸಿತೆಂಬುದು, ಕಂಪನಿ ನಾಟಕಗಳ ಚರಿತ್ರೆ ಬಲ್ಲ ನಮಗೆ ಅಪರಿಚಿತವಾದ ಸಂಗತಿಯೇನಲ್ಲ.

ನಾಟಕದ ನಡುವೆ ಬಂದರುಕಟ್ಟೆಯ ಒಂದು ದೃಶ್ಯವಿದೆ. ಸದ್ಕೊ ಹಡಗು ಸಜ್ಜುಗೊಳಿಸಿದ್ದಾನೆ. ಯಾವ ದೇಶಕ್ಕೆ ಹೋಗಲಿ ಎಂದು ಪರಸ್ಥಳದ ವರ್ತಕರನ್ನು ಕೇಳುತ್ತಾನೆ. ಮೂವರು ಅತಿಥಿಗಳು ಒಬ್ಬರಾದಮೇಲೊಬ್ಬರು ತಂತಮ್ಮ ನಾಡನ್ನು ಹಾಡಿ ಬಣ್ಣಿಸುತ್ತಾರೆ. ಉತ್ತರದ ವರಾಂಗಿಯ ನಾವಿಕ ಬಂಡೆಗೆ ಬಡಿಯುವ ಅಲೆಗಳನ್ನು ಗಂಭೀರವಾದ ಮಂದ್ರ ಧ್ವನಿಯಲ್ಲಿ ಹಾಡುತ್ತಾನೆ. ವೆನಿಸ್ಸಿನವನು ತನ್ನ ನಗರದ ಬೆಡಗನ್ನು ಹಾಡುತ್ತಾನೆ. ಇವರಿಬ್ಬರ ನಡುವೆ ಎದ್ದುನಿಲ್ಲುವವನು ಭಾರತದ ಅತಿಥಿ. ಅವನದು ತಾರದಲ್ಲಿ ಸಂಚರಿಸುವ ಮೃದುವಾದ ಶಾರೀರ. ತನ್ನ ನಾಡಿನ ಗವಿಗಳಲ್ಲಿರುವ ವಜ್ರಗಳಿಗೂ ದಕ್ಷಿಣದ ಕಡಲಿನ ಮುತ್ತುಗಳಿಗೂ ಲೆಕ್ಕವಿಲ್ಲವೆನ್ನುತ್ತಾನೆ. ಅಲ್ಲೊಂದು ಮಾಯದ ಹಕ್ಕಿಯಿದೆ, ಅದಕ್ಕೆ ಕನ್ಯೆಯ ಮುಖವಿದೆ, ಅದರ ಗಾನವನ್ನು ಕೇಳಿದವನು ಎಲ್ಲವನ್ನೂ ಮರೆಯುತ್ತಾನೆ ಎನ್ನುತ್ತಾನೆ. ಎಲ್ಲವನ್ನೂ ಮರೆಯುತ್ತಾನೆ: ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಇಷ್ಟು ಕೇಳಿದಮೇಲೂ ಸದ್ಕೊ ಕಡೆಗೆ ಹೊರಡುವುದು ಭಾರತಕ್ಕಲ್ಲ, ವೆನಿಸ್ಸಿಗೆ.

ರಿಮ್ಸ್ಕಿ-ಕೊರ್ಸಾಕೊವ್ ಭಾರತವನ್ನು ಕಂಡವನಲ್ಲ. ತರುಣನಾಗಿದ್ದಾಗ ರಷ್ಯದ ನೌಕಾಪಡೆಯಲ್ಲಿದ್ದು, 1862ರಿಂದ 1865ರವರೆಗಿನ ದೀರ್ಘ ಯಾನದಲ್ಲಿ ಇಂಗ್ಲೆಂಡ್, ಅಮೆರಿಕ, ಬ್ರೆಜಿಲ್‌ಗಳನ್ನು ಕಂಡುಬಂದವನು. ಭಾರತದ ಕಡೆ ಅವನ ಹಡಗು ತಿರುಗಲಿಲ್ಲ. ಹಾಗಾದರೆ ಈ ಹಾಡಿನ ಭಾರತ ಎಲ್ಲಿಯದು? ಇದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲೇ ಉತ್ತರವಿದೆ. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಕೋರ ಬೆಳದಿಂಗಳನ್ನು ಕುಡಿಯುತ್ತದೆ ಎಂದು ನಮ್ಮ ಕವಿಗಳು ಬರೆದರು, ಕಂಡು ಬರೆದದ್ದಲ್ಲ. ಅದನ್ನು ಕವಿಸಮಯ ಎನ್ನುತ್ತೇವೆ. ಹದಿನೆಂಟು ವರ್ಣನೆಗಳಿಲ್ಲದೆ ಮಹಾಕಾವ್ಯವಿಲ್ಲವೆಂಬ ಕಟ್ಟಿಗೆ ಒಳಗಾಗಿ, ಕಡಲನ್ನೇ ಕಾಣದ ಒಳನಾಡಿನ ಕವಿಯೂ ಸಮುದ್ರವರ್ಣನೆ ಮಾಡಿದ್ದುಂಟು. ಹತ್ತೊಂಬತ್ತನೆಯ ಶತಮಾನದ ರಷ್ಯನ್ ಸಂಗೀತಗಾರರಿಗೆ ಪೂರ್ವದೇಶವೆಂಬುದು ಅಂಥದೊಂದು ಕವಿಸಮಯ. ಅದನ್ನು ಸೂಚಿಸಲು ಅವರಲ್ಲಿ ಒಂದು ರೂಢಿಯ ನಡೆ ಬೆಳೆದಿತ್ತು: ಅಕ್ಕಪಕ್ಕದ ಅರ್ಧಸ್ವರಗಳ ಮೇಲೆ ಮೆಲ್ಲಮೆಲ್ಲನೆ ಜಾರುತ್ತ, ಬಳುಕುತ್ತ ಇಳಿಯುವ ನಡೆ. ‘ಭಾರತದ ಅತಿಥಿಯ ಹಾಡು’ ಆ ನಡೆಯ ಒಂದು ಸೊಗಸಾದ ಮಾದರಿ. ನಮ್ಮ ಶಾಸ್ತ್ರದ ಯಾವ ರಾಗಕ್ಕೂ ಅದನ್ನು ಸೇರಿಸಲಾಗದು. ಒಂದೇ ಸ್ವರದ ಎರಡೆರಡು ರೂಪಗಳನ್ನು ಒಂದರ ಬೆನ್ನಿಗೊಂದು ಹಿಡಿದು ಸಾಲಾಗಿ ಇಳಿಯುವುದಕ್ಕೆ ನಮ್ಮ ರಾಗಗಳು ಸಾಮಾನ್ಯವಾಗಿ ಎಡೆಗೊಡುವುದಿಲ್ಲ.

ತಂದೆಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು. ತಟ್ಟೆಯಲ್ಲಿ ಭಾರತ ಕಾಣಲಿಲ್ಲವಾದರೆ ಅದು ವಾದ್ಯವೃಂದದವರ ತಪ್ಪಲ್ಲ. ಮೂಲದಲ್ಲೇ ಅದು ಇರಲಿಲ್ಲ. ಲೆಕ್ಕವಿಲ್ಲದ ವಜ್ರಗಳ ನಾಡನ್ನು ಮಾಸ್ಕೊದ ರಂಗದ ಮೇಲೆ ಹಾಡುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಸೀಮೆಯ ರೈತ ಆಕಾಶ ನೋಡುತ್ತ ರಾಗಿ ಬಿತ್ತುತ್ತಿದ್ದ. ಕೆರೆ ತುಂಬಿ ಕೋಡಿ ಹರಿದರೆ ಅದೇ ನಮ್ಮ ವಜ್ರ, ಅದೇ ಮುತ್ತು. ಹೊಳೆಯಿಲ್ಲದ, ಬಾವಿ ಕೆರೆಗಳನ್ನು ನಂಬಿದ ಈ ಬಯಲಿನ ಹಾಡನ್ನು ಯಾವ ಅತಿಥಿಯೂ ಆ ಬಂದರಿನಲ್ಲಿ ಹಾಡಲಿಲ್ಲ. ಇದನ್ನು ಕೊರಗಿನಿಂದ ಹೇಳುತ್ತಿಲ್ಲ. ‘ಇಂಡಿಯಾ’ ಎಂಬ ಹೆಸರು ಹೊತ್ತ ಒಂದು ಕನಸು ಹೇಗೆ ಹುಟ್ಟಿತೆಂಬುದು ತಿಳಿದಿರಲೆಂದು ಹೇಳಿದೆ.

ಇನ್ನು ಈ ಹಾಡು ಮನೆ ಬಿಟ್ಟು ಹೊರಟ ಕಥೆ. ಪ್ರಸಿದ್ಧ ಪಿಟೀಲುವಾದಕ ಫ್ರಿಟ್ಸ್ ಕ್ರೈಸ್ಲರ್ ಅದನ್ನು ಪಿಟೀಲಿಗೆ ಅಳವಡಿಸಿದ. ಅಲ್ಲಿಗೆ ಮಾತು ಉದುರಿ ಮಟ್ಟು ಮಾತ್ರ ಉಳಿಯಿತು. 1921ರಲ್ಲಿ ಅಮೆರಿಕದ ಪಾಲ್ ವೈಟ್‌ಮನ್ ತನ್ನ ನರ್ತನ ವಾದ್ಯವೃಂದದಿಂದ ಅದನ್ನು ತಟ್ಟೆಗೆ ನುಡಿಸಿದ. ಆ ತಟ್ಟೆಯ ಇನ್ನೊಂದು ಮಗ್ಗುಲಲ್ಲಿದ್ದುದೂ ಆಪೆರಾದ ಮಟ್ಟೇ. ಇಟಲಿಯ ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ಯಿಂದ ಹೆಣೆದದ್ದು. ಆಪೆರಾಗಳು ಕುಣಿತದವರಿಗೆ ಮಟ್ಟುಗಳ ಕಣಜವಾಗಿದ್ದವು. ಕಣಜಕ್ಕೆ ಒಡೆಯರೂ ಇದ್ದರು. ‘ಅವಲಾನ್’ ಎಂಬ 1920ರ ಜನಪ್ರಿಯ ಹಾಡಿನ ಮಟ್ಟು ಪುಚ್ಚೀನಿಯ ‘ತೋಸ್ಕಾ’ದಿಂದ ಎತ್ತಿದ್ದೆಂದು ಅವನ ಪ್ರಕಾಶಕರು ದಾವೆ ಹೂಡಿ, 25,000 ಡಾಲರು ಪರಿಹಾರವನ್ನೂ ಮುಂದಿನ ಗೌರವಧನದ ಹಕ್ಕನ್ನೂ ಗೆದ್ದುಕೊಂಡರು. ಎರವಲಿಗೂ ಕಳವಿಗೂ ನಡುವಿನ ಗೆರೆ ಎಲ್ಲಿದೆಯೆಂಬ ಪ್ರಶ್ನೆ ಹೀಗೆ ನ್ಯಾಯಾಲಯವನ್ನೂ ಹತ್ತಿತು.

ಇಷ್ಟಾದಮೇಲೆ ಬಂದವನು ಟಾಮಿ ಡಾರ್ಸಿ. 1905ರಲ್ಲಿ ಪೆನ್ಸಿಲ್ವೇನಿಯದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಹುಟ್ಟಿದವನು. ತಂದೆ ಗಣಿಯಲ್ಲಿ ದುಡಿದು, ಆಮೇಲೆ ಸಂಗೀತದ ಮೇಷ್ಟರಾಗಿ ಊರಿನ ಬ್ಯಾಂಡನ್ನು ನಡೆಸಿದಾತ. ಮಕ್ಕಳಾದರೂ ಗಣಿಗೆ ಇಳಿಯದಿರಲೆಂದು ಇಬ್ಬರ ಕೈಗೂ ವಾದ್ಯ ಕೊಟ್ಟ. ಕೋಲಾರದ ಚಿನ್ನದ ಗಣಿಗಳ ನೆರಳಿನಲ್ಲಿ ಬೆಳೆದ ಜಿಲ್ಲೆಯ ನಮಗೆ ಆ ತಂದೆಯ ಆತಂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಣ್ಣ ಜಿಮ್ಮಿ ಸ್ಯಾಕ್ಸಫೋನ್ ಮತ್ತು ಕ್ಲಾರಿನೆಟ್ ಹಿಡಿದ, ಟಾಮಿ ಟ್ರಾಂಬೋನ್ ಹಿಡಿದ. 1937ರ ಜನವರಿ 29ರಂದು ಟಾಮಿಯ ವಾದ್ಯವೃಂದ ವಿಕ್ಟರ್ ಕಂಪನಿಗೆ ‘ಸಾಂಗ್ ಆಫ್ ಇಂಡಿಯಾ’ವನ್ನು ನುಡಿಸಿತು. ಆ ಕಾಲವನ್ನು ಸ್ವಿಂಗ್ ಯುಗವೆನ್ನುತ್ತಾರೆ. ಜಾಸ್ ಸಂಗೀತವು ಹತ್ತಾರು ವಾದಕರ ದೊಡ್ಡ ತಂಡಗಳ ಮೂಲಕ ಅಮೆರಿಕದ ಯುವಜನರನ್ನೆಲ್ಲ ಕುಣಿಸಿದ ಕಾಲವದು.

‘ಸ್ವಿಂಗ್’ ಎಂದರೇನು? ಉಯ್ಯಾಲೆ ಎಂಬುದೇ ಅದರ ವಾಚ್ಯಾರ್ಥ. ಕನ್ನಡ ಛಂದಸ್ಸು ಬಲ್ಲವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ತಾಳದ ಒಂದು ಪೆಟ್ಟನ್ನು ಎರಡು ಸಮಭಾಗ ಮಾಡಿದರೆ ಎರಡು ಲಘುಗಳಾಗುತ್ತವೆ; ಅದು ಸೈನಿಕರ ನಡಿಗೆ. ಅದೇ ಪೆಟ್ಟಿನೊಳಗೆ ಮೊದಲ ಭಾಗವನ್ನು ಎಳೆದು ಎರಡನೆಯದನ್ನು ಮೊಟಕು ಮಾಡಿದರೆ, ಹೆಚ್ಚುಕಡಿಮೆ ಒಂದು ಗುರು ಒಂದು ಲಘು ಎಂಬ ಮೂರು ಮಾತ್ರೆಯ ಹದ ಬರುತ್ತದೆ. ನಾಲ್ಕು ಪೆಟ್ಟುಗಳು ಗಡಿಯಾರದಂತೆ ನಡೆಯುತ್ತಿರುವಾಗ, ಅವುಗಳ ಒಳಗೆ ಗುರುಲಘುಗಳು ತೂಗುತ್ತಿರುತ್ತವೆ. ರಾಗವನ್ನು ನುಡಿಸುವವನು ಕೆಲವೊಮ್ಮೆ ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಉಳಿಯುತ್ತಾನೆ. ಬರೆದು ತೋರಿಸಲಾಗದ ಈ ತೂಗಾಟವೇ ಸ್ವಿಂಗ್. ಇದನ್ನು ಕಂಡುಕೊಂಡವರು ಅಮೆರಿಕದ ಕಪ್ಪು ಜನಾಂಗದ ವಾದಕರು. ಡಾರ್ಸಿಯಂಥ ಬಿಳಿಯರು ಅವರಿಂದ ಕಲಿತವರು.

ಈಗ ತಟ್ಟೆಯನ್ನು ಕೇಳೋಣ. ಮೊದಲಿಗೆ ವಾದ್ಯವೃಂದ ತಾಳದ ಒಂದು ಪುಟ್ಟ ತುಣುಕನ್ನು ಹಿಡಿದು ಮರಳಿಮರಳಿ ನುಡಿಸುತ್ತದೆ. ಅದರ ಮೇಲೆ, ಬಾಯಿ ಮುಚ್ಚಿ ಮೆದುಗೊಳಿಸಿದ ಟ್ರಾಂಬೋನಿನಲ್ಲಿ ಡಾರ್ಸಿ ಆ ರಷ್ಯನ್ ಮಟ್ಟನ್ನು ಎತ್ತಿಕೊಳ್ಳುತ್ತಾನೆ. ಟ್ರಾಂಬೋನಿಗೆ ಬೆರಳೊತ್ತುವ ಕೀಲಿಗಳಿಲ್ಲ. ಉದ್ದದ ಕೊಳವೆಯನ್ನು ಹಿಂದೆ ಮುಂದೆ ಸರಿಸಿ ಸ್ವರ ಹಿಡಿಯಬೇಕು. ಸ್ವರದಿಂದ ಸ್ವರಕ್ಕೆ ಜಾರುವುದು ಅದರ ಹುಟ್ಟುಗುಣ. ನಾವು ಜಾರು ಎನ್ನುವ ಗಮಕಕ್ಕೆ ಹಿತ್ತಾಳೆಯ ವಾದ್ಯಗಳಲ್ಲಿ ಇದರಷ್ಟು ಹತ್ತಿರದ್ದು ಇನ್ನೊಂದಿಲ್ಲ. ಅರ್ಧಸ್ವರಗಳ ಮೇಲೆ ಜಾರಿ ಇಳಿಯುವ ಮಟ್ಟು, ಜಾರುವುದನ್ನೇ ಬಲ್ಲ ವಾದ್ಯ: ಎರಡೂ ಒಂದನ್ನೊಂದು ಹುಡುಕಿಕೊಂಡು ಬಂದಂತಿವೆ. ಮಟ್ಟಿನ ಒಂದು ಸುತ್ತು ಮುಗಿದಮೇಲೆ ಬನ್ನಿ ಬೆರಿಗನ್ ಎಂಬ ತರುಣನ ಟ್ರಂಪೆಟ್ ಎದ್ದು, ಬರೆದದ್ದನ್ನು ಬಿಟ್ಟು, ಮನೋಧರ್ಮದ ಆಕಾಶದಲ್ಲಿ ಹಾರುತ್ತದೆ. ಕಡೆಗೆ ಎಲ್ಲವೂ ಆರಂಭದ ಆ ತಾಳದ ತುಣುಕಿಗೆ ಮರಳುತ್ತದೆ. ಇದೆಲ್ಲ ನಡೆಯುವುದು ಸುಮಾರು ಮೂರು ನಿಮಿಷದಲ್ಲಿ; ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಅದಕ್ಕಿಂತ ಹೆಚ್ಚಿಗೆ ಹಿಡಿಯುತ್ತಿರಲಿಲ್ಲ.

ಏನು ಕಳೆಯಿತು? ಮಾತು ಕಳೆಯಿತು. ವಜ್ರಗಳೂ ಮುತ್ತುಗಳೂ ಮಾಯದ ಹಕ್ಕಿಯೂ ಕಳೆದವು. ಸದ್ಕೊ, ಅವನ ಹಡಗು, ಹೊರಡಲೋ ಬೇಡವೋ ಎಂಬ ಆ ಗಳಿಗೆಯ ತವಕ ಕಳೆಯಿತು. ಹಾಡುವವನೇ ಕಳೆದುಹೋದ. ಆದರೆ ಹಾಡುವಿಕೆ ಕಳೆಯಿತೆ? ಫ್ರಾಂಕ್ ಸಿನಾಟ್ರಾ ಎಂಬ ಸುಪ್ರಸಿದ್ಧ ಗಾಯಕ 1940ರಿಂದ 1942ರವರೆಗೆ ಡಾರ್ಸಿಯ ತಂಡದಲ್ಲಿದ್ದವನು. ಉಸಿರು ಕಾಣದಂತೆ ಉದ್ದನೆಯ ಸಾಲನ್ನು ಹಾಡುವುದನ್ನು ತಾನು ಕಲಿತದ್ದು ಡಾರ್ಸಿ ಟ್ರಾಂಬೋನ್ ನುಡಿಸುವುದನ್ನು ನೋಡಿ ಎಂದು ಅವನು ಮುಂದೆ ಹೇಳಿಕೊಂಡ. ಗಾಯಕನೇ ವಾದಕನಿಂದ ಹಾಡು ಕಲಿತನೆಂದಮೇಲೆ, ಆ ವಾದ್ಯದಲ್ಲಿ ಗಾನವಿರಲಿಲ್ಲವೆಂದು ಹೇಳುವುದು ಹೇಗೆ? ಆಪೆರಾದ ಮೂಲವನ್ನು ಕೇಳಿ ಮತ್ತೆ ಈ ತಟ್ಟೆಯನ್ನು ಕೇಳಿದಾಗ ನನಗಾದ ಅನುಭವ ಇದೇ. ಮೂಲದಲ್ಲಿ ಮಟ್ಟು ಕನಸುಗಣ್ಣಿನಿಂದ ನಿಂತಲ್ಲೇ ನಿಂತಿರುತ್ತದೆ. ಇಲ್ಲಿ ಅದೇ ಮಟ್ಟು ಕಣ್ಣು ತೆರೆದು ನಡೆಯತೊಡಗುತ್ತದೆ. ಒಂದನ್ನು ಇನ್ನೊಂದು ಅಳಿಸುವುದಿಲ್ಲ.

ಆ ತಟ್ಟೆಯ ಹಿಂಬದಿಯನ್ನೂ ನೋಡಬೇಕು. ಅಲ್ಲಿರುವುದು ಅರ್ವಿಂಗ್ ಬರ್ಲಿನ್ ರಚಿಸಿದ ‘ಮರೀ’ ಎಂಬ ಹಾಡು. ಒಬ್ಬ ಹಾಡುತ್ತಿರುವಾಗ ತಂಡದ ಉಳಿದವರು ಹಿಂದಿನಿಂದ ತುಂಟತನದ ಮಾತುಗಳನ್ನು ಕೂಗಿ ಸೇರಿಸುವ ಚಮತ್ಕಾರ ಅದರದು. ಅದು ಅಪಾರ ಜನಪ್ರಿಯವಾಯಿತು. ಆದರೆ ಆ ಚಮತ್ಕಾರ ಡಾರ್ಸಿಯದಲ್ಲ. ಫಿಲಡೆಲ್ಫಿಯದ ರಂಗಮಂದಿರವೊಂದರಲ್ಲಿ ಸನ್‌ಸೆಟ್ ರಾಯಲ್ ಸೆರೆನೇಡರ್ಸ್ ಎಂಬ ಕಪ್ಪು ವಾದಕರ ತಂಡ ಅದನ್ನು ಹಾಗೆ ನುಡಿಸುವುದನ್ನು ಕೇಳಿ, ತನ್ನಲ್ಲಿದ್ದ ಕೆಲವು ವಾದ್ಯವಿನ್ಯಾಸಗಳನ್ನು ಅವರಿಗೆ ಕೊಟ್ಟು ಪ್ರತಿಯಾಗಿ ಅದನ್ನು ಪಡೆದುಕೊಂಡೆನೆಂದು ಡಾರ್ಸಿಯೇ ಹೇಳಿದ್ದಾನೆ. ವಿನಿಮಯ ನಡೆಯಿತು, ಸರಿ. ಆದರೆ ಕೀರ್ತಿ ಬಂದದ್ದು ಒಂದೇ ಕಡೆಗೆ. ಮುಂಬದಿಯಲ್ಲಿ, ತೀರಿಕೊಂಡು ಮೂವತ್ತು ವರ್ಷಗಳಾಗುತ್ತ ಬಂದಿದ್ದ ರಷ್ಯನ್ನನ ಹೆಸರು ಉಳಿದುಬಂದಿತು. ಹಿಂಬದಿಯಲ್ಲಿ, ಅದೇ ದೇಶದಲ್ಲಿ ಬದುಕಿ ನುಡಿಸುತ್ತಿದ್ದ ಬಡ ವಾದಕರ ಹೆಸರು ಜನರ ಕಿವಿಗೆ ಬೀಳಲಿಲ್ಲ. ನಾನು ತರುಣನಾಗಿದ್ದಾಗ ಅಪಚಾರವನ್ನು ಹುಡುಕಿದ್ದು ತಟ್ಟೆಯ ತಪ್ಪು ಮಗ್ಗುಲಲ್ಲಿ. ಮಟ್ಟನ್ನು ಬದಲಿಸಿದ್ದು ಅಪಚಾರವಲ್ಲ. ಕೊಟ್ಟವರ ಹೆಸರನ್ನು ಮರೆಯುವುದು ಅಪಚಾರ. ಕೇಳಿದವನು ಎಲ್ಲವನ್ನೂ ಮರೆಯುತ್ತಾನೆಂದು ಮಾಯದ ಹಕ್ಕಿಯ ಬಗ್ಗೆ ಹೇಳಿದ ಮಾತು ಹೀಗೆ ಬೇರೊಂದು ಬಗೆಯಲ್ಲಿ ನಿಜವಾಯಿತು.

ಕನ್ನಡಿಗರಾದ ನಮಗೆ ಈ ವಿಚಾರ ಹೊಸದಾಗಬಾರದು. ನಮ್ಮ ಸಾಹಿತ್ಯವೇ ಮನೆ ಬದಲಿಸಿದ ಕಥೆಗಳ ಸಾಹಿತ್ಯ. ಪಂಪ ವ್ಯಾಸಭಾರತವನ್ನು ತಂದು, ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದು ‘ವಿಕ್ರಮಾರ್ಜುನ ವಿಜಯ’ವನ್ನು ಕಟ್ಟಿದ. ಅದನ್ನು ಯಾರೂ ಕೆಡಿಸಿದ್ದು ಎನ್ನಲಿಲ್ಲ. ಏಕೆಂದರೆ ವ್ಯಾಸರ ಹೆಸರನ್ನು ಅವನು ಮುಚ್ಚಿಡಲಿಲ್ಲ. ಬಿ.ಎಂ.ಶ್ರೀ. ಅವರು ಇಂಗ್ಲಿಷಿನ ಕವಿತೆಗಳನ್ನು ತಂದು ಕನ್ನಡದ ಮಾತ್ರಾಗಣಗಳಿಗೆ ಹೊಸ ನಡಿಗೆ ಕಲಿಸಿದರು. ಪುಸ್ತಕದ ಹೆಸರನ್ನೇ ‘ಇಂಗ್ಲಿಷ್ ಗೀತಗಳು’ ಎಂದಿಟ್ಟು ಸಾಲವನ್ನು ಮುಖಪುಟದಲ್ಲೇ ಒಪ್ಪಿಕೊಂಡರು.

ಮಟ್ಟಿನ ವಿಷಯಕ್ಕೇ ಬರುವುದಾದರೆ ಟಿ.ಪಿ. ಕೈಲಾಸಂ ಅವರಿದ್ದಾರೆ. ಮೊದಲನೆಯ ಮಹಾಯುದ್ಧದ ಸೈನಿಕರ ಬಾಯಲ್ಲಿದ್ದ ಟಿಪ್ಪರೇರಿಯ ಹಾಡು ಅವರ ಕೈಯಲ್ಲಿ ನಮ್ಮ ತಿಪ್ಪಾರಹಳ್ಳಿಯ ಹಾಡಾಯಿತು. ಅವರ ‘ಕೋಳೀಕೆ ರಂಗ’ನನ್ನು ಬಲ್ಲದ ಕನ್ನಡಿಗನಿಲ್ಲ. ಅದರ ಮೂಲ, ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಹೆಸರನ್ನು ಅಕ್ಷರ ಅಕ್ಷರವಾಗಿ ಒಡೆದು ಹಾಡುವ ಒಂದು ವಿನೋದಗೀತೆ. ಹ್ಯಾರಿ ಕಾರ್ಲ್‌ಟನ್ 1928ರಲ್ಲಿ ರಚಿಸಿದ್ದು. ಅದೇ ವರ್ಷ ಅದನ್ನು ತಟ್ಟೆಗೆ ನುಡಿಸಿದವರಲ್ಲಿ, ಕೇಳಿದರೆ ತಮಗೆ ಅಚ್ಚರಿಯಾದೀತು, ‘ಸಾಂಗ್ ಆಫ್ ಇಂಡಿಯಾ’ವನ್ನು ಮೊದಲೇ ಕುಣಿತಕ್ಕೆ ತಂದಿದ್ದ ಆ ಪಾಲ್ ವೈಟ್‌ಮನ್ನನೂ ಒಬ್ಬ. ಕೈಲಾಸಂ ಲಂಡನ್ನಿನಿಂದ ಮರಳಿ ಆ ಹೊತ್ತಿಗೆ ಎಷ್ಟೋ ವರ್ಷಗಳಾಗಿದ್ದವು. ಆದ್ದರಿಂದ ಆ ಮಟ್ಟು ಅವರ ಹಡಗಿನ ಪೆಟ್ಟಿಗೆಯಲ್ಲಿ ಬಂದದ್ದಲ್ಲ, ಇಲ್ಲಿಯೇ ಅವರ ಕಿವಿಗೆ ಬಿದ್ದದ್ದು. ಅವರು ಮಾಡಿದ್ದೇನು? ಇಂಗ್ಲಿಷಿನ ಅಕ್ಷರ ಒಡೆಯುವ ಆಟದ ಸ್ಥಾನದಲ್ಲಿ ನಮ್ಮ ಕೂಲಿಮಠದ ಕಾಗುಣಿತವನ್ನು ಕೂರಿಸಿದರು. ಮೂಲದಲ್ಲಿ ಬರಿಯ ವಿನೋದವಾಗಿದ್ದದ್ದು ಕನ್ನಡದಲ್ಲಿ ಒಬ್ಬ ಹಳ್ಳಿಗನ ಠೀವಿಯಾಯಿತು, ಒಂದು ಜೀವಂತ ಪಾತ್ರವಾಯಿತು. ಕಾನ್‌ಸ್ಟಾಂಟಿನೋಪಲ್ಲಿನ ಆ ಹಾಡನ್ನು ಇಂದು ನೆನೆಯುವವರು ವಿರಳ. ನಮ್ಮ ರಂಗನಿಗೆ ಇನ್ನೂ ಮುಪ್ಪು ಬಂದಿಲ್ಲ.

ಹಾಗೆಂದು ಎಲ್ಲವನ್ನೂ ಬದಲಿಸುತ್ತಲೇ ಇರಬೇಕೆಂದು ನಾನು ಹೇಳುತ್ತಿಲ್ಲ. ಕಾಪಾಡುವುದೂ ಒಂದು ಧರ್ಮ. ಅದಕ್ಕೂ ನಮ್ಮ ನಾಡಿನಲ್ಲೇ ನಿದರ್ಶನವಿದೆ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ಇಂಗ್ಲೆಂಡಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ, ಅವನ ಕೃತಿಗಳನ್ನು ಅವನೇ ನುಡಿಸಿ ತಟ್ಟೆಗಳಲ್ಲಿ ಉಳಿಸಲೆಂದು ಧನಸಹಾಯ ಮಾಡಿ, 1949ರಲ್ಲಿ ಮೆಟ್ನರ್ ಸಂಘಕ್ಕೆ ಕಾರಣರಾದವರು ಮೈಸೂರಿನ ಜಯಚಾಮರಾಜ ಒಡೆಯರು. ಪಶ್ಚಿಮದ ಸಂಗೀತವನ್ನು ಇಷ್ಟು ಪ್ರೀತಿಸಿದ ಅವರೇ ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾಪರವಾದ ಕೃತಿಗಳನ್ನು ರಚಿಸಿದರು. ಒಂದನ್ನು ಇನ್ನೊಂದರಲ್ಲಿ ಬೆರೆಸಲು ಹೋಗಲಿಲ್ಲ. ಒಂದು ತಟ್ಟೆ ಕಾಯುತ್ತದೆ, ಇನ್ನೊಂದು ಮಾರ್ಪಡಿಸುತ್ತದೆ. ಕಾಯ್ದದ್ದು ಇದ್ದರೆ ತಾನೆ ಮಾರ್ಪಟ್ಟದ್ದರ ಬೆಲೆ ತಿಳಿಯುವುದು? ಆಪೆರಾದ ಮೂಲ ಉಳಿದಿತ್ತಾದ್ದರಿಂದಲೇ ನಾನು ನನ್ನ ತೀರ್ಪನ್ನು ತಿದ್ದಿಕೊಳ್ಳಲು ಸಾಧ್ಯವಾಯಿತು. ಡೇರೆಯ ಜೊತೆಗೇ ಮುದುಡಿಹೋದ ನಮ್ಮ ಎಷ್ಟೋ ರಂಗಗೀತೆಗಳಿಗೆ ಆ ಭಾಗ್ಯವಿಲ್ಲ.

ಅದೇ ಮೈಸೂರಿನ ಅರಮನೆಯ ಬ್ಯಾಂಡಿನಿಂದ ಇನ್ನೊಂದು ಪ್ರಯಾಣವೂ ಹೊರಟಿತು. ದಕ್ಷಿಣ ಕನ್ನಡದ ನಾಗಸ್ವರದ ಮನೆತನದ ಹುಡುಗ ಕದ್ರಿ ಗೋಪಾಲನಾಥರು ಆ ಬ್ಯಾಂಡಿನಲ್ಲಿ ಸ್ಯಾಕ್ಸಫೋನನ್ನು ಕೇಳಿ ಮರುಳಾದರು. ಸ್ವಿಂಗ್ ತಂಡಗಳ ಬೆನ್ನೆಲುಬಾಗಿದ್ದ ಆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ, ನಮ್ಮ ಗಮಕಗಳನ್ನು ಅದರಿಂದ ನುಡಿಸಿ, ಕಛೇರಿಯ ವೇದಿಕೆಯ ಮೇಲೆ ಕೂರಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಸ್ಯಾಕ್ಸಫೋನ್ ಪರದೇಶದ್ದೆಂದು ಯಾರಿಗೂ ನೆನಪಾಗಲಿಲ್ಲ. ಭಾರತವೇ ಇಲ್ಲದ ‘ಭಾರತದ ಹಾಡು’ ಅಮೆರಿಕದ ಕುಣಿತ ಸೇರಿತು. ಅಮೆರಿಕದ ಕುಣಿತದ ವಾದ್ಯ ನಿಜವಾದ ಭಾರತದ ಹಾಡನ್ನು ಕಲಿಯಿತು.

ಸ್ವಿಂಗ್ ನಮ್ಮೂರಿಗೂ ಬಂದಿತ್ತೆಂದರೆ ತಾವು ನಗಬಹುದು. 1930ರ ದಶಕದಲ್ಲಿ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಅಮೆರಿಕದ ಕಪ್ಪು ವಾದಕರು ನುಡಿಸುತ್ತಿದ್ದರು. ಅವರಿಂದ ಕಲಿತ ಗೋವೆಯ ವಾದಕರು ಮುಂದೆ ಹಿಂದೀ ಚಲನಚಿತ್ರಗಳ ವಾದ್ಯವೃಂದವನ್ನು ಸೇರಿದರು. 1951ರ ‘ಅಲ್‌ಬೇಲಾ’ ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತದ ಹಿಂದೆ ಚಿಕ್ ಚಾಕೊಲೇಟ್ ಎಂಬ ಗೋವೆಯ ಟ್ರಂಪೆಟ್‌ವಾದಕರಿದ್ದರು. ಆ ಚಿತ್ರಗೀತೆಗಳ ನಡೆಯೇ ಮದುವೆಯ ಬ್ಯಾಂಡ್‌ಸೆಟ್ಟುಗಳಿಗೆ ಇಳಿಯಿತು. ಹೈದರಾಬಾದಿನ ಹೆದ್ದಾರಿಯ ಬದಿಯ ಪೆರೇಸಂದ್ರದಲ್ಲಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಕೆಂಪು ಅಂಗಿ ತೊಟ್ಟ ಬ್ಯಾಂಡಿನವರು ಕನ್ನಡದ್ದೊಂದು, ತೆಲುಗಿನದ್ದೊಂದು, ಹಿಂದಿಯದ್ದೊಂದು ಹಾಡು ನುಡಿಸುತ್ತ ಬಂದಾಗ, ಟ್ರಂಪೆಟ್ಟಿನವನು ಮಟ್ಟನ್ನು ಬಿಟ್ಟು ಒಂದು ಗಳಿಗೆ ತನ್ನಿಚ್ಛೆಯಂತೆ ಎಳೆದು ತೂಗುತ್ತಿದ್ದನಲ್ಲ, ಆ ತೂಗು ಎಷ್ಟು ಮನೆಗಳನ್ನು ದಾಟಿ ಬಂದದ್ದೆಂಬುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತಂದೆಯವರು ಜೀವಮಾನವಿಡೀ ಗುನುಗುತ್ತಿದ್ದ ರಂಗಗೀತೆಯೊಂದನ್ನು ಅವರು ಕಲಿತದ್ದು ಡೇರೆಯಲ್ಲಲ್ಲ, ಇಂಥದೊಂದು ಮೆರವಣಿಗೆಯಲ್ಲಿ. ಆ ನಾಟಕವನ್ನು ಅವರು ನೋಡಿರಲೇ ಇಲ್ಲ. ಅದರ ಮಾತುಗಳೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಮರೆತ ಕಡೆ ತಮ್ಮದೇ ಮಾತು ಸೇರಿಸಿ ಹಾಡುತ್ತಿದ್ದರು. ಆ ಹಾಡನ್ನು ಅವರು ಕೆಡಿಸಿದರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರು ಹಾಡದೆ ಹೋಗಿದ್ದರೆ ಅದು ನನ್ನವರೆಗೆ ಬರುತ್ತಲೇ ಇರಲಿಲ್ಲ. ಆದರೆ ಆ ನಾಟಕ ಯಾವುದು, ಆ ಪದ ಕಟ್ಟಿದವರು ಯಾರು ಎಂದು ಅವರಿದ್ದಾಗ ಹುಡುಕಿ ಅವರಿಗೆ ತಿಳಿಸಲಿಲ್ಲವಲ್ಲ ಎಂಬ ಕೊರತೆ ಮಾತ್ರ ಉಳಿದಿದೆ. ಅದು ಕನ್ನಡದ ಅಧ್ಯಾಪಕನಾದ ನಾನು ಮಾಡಬೇಕಾಗಿದ್ದ ಕೆಲಸ.

ಆದ್ದರಿಂದ ಸಹೃದಯರಲ್ಲಿ ನನ್ನ ಬಿನ್ನಹ ಇಷ್ಟೆ. ಹಾಡು ಮನೆ ಬದಲಿಸಿದರೆ ತಡೆಯಬೇಡಿ. ತಡೆದರೆ ನಿಲ್ಲುವಂಥದೂ ಅಲ್ಲ. ಹೊಸ ಮನೆಯಲ್ಲಿ ಅದಕ್ಕೆ ಉಸಿರು ಸಿಕ್ಕಿದೆಯೇ ಎಂದು ಕೇಳಿ ನೋಡಿ. ಸಿಕ್ಕಿದ್ದರೆ ಸಂತೋಷಪಡಿ. ಜೊತೆಗೆ, ಅದು ಯಾರ ಮನೆಯಿಂದ ಬಂದಿತೆಂದು ಒಂದು ಮಾತು ವಿಚಾರಿಸಿ, ಆ ಹೆಸರನ್ನು ಮಕ್ಕಳಿಗೆ ಹೇಳಿ. ಹೆಣ್ಣು ತಂದ ಮನೆಯವರು ತವರಿನ ಹೆಸರನ್ನು ಮರೆಯಬಾರದಲ್ಲವೆ?

ಅಂದು ಜಗಲಿಯ ಮೇಲೆ ನಾನು ತೀರ್ಪು ಕೊಟ್ಟು ಮುಗಿಸಿದಾಗ ತಂದೆಯವರು ಮರುಮಾತಾಡಲಿಲ್ಲ. ನಾನು ತಟ್ಟೆಯನ್ನು ತೆಗೆದು ಅದರ ಚೀಲಕ್ಕೆ ಸೇರಿಸುತ್ತಿದ್ದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಇರ್ಲಿ ಬಿಡು. ಚೆನ್ನಾಗೈತೆ. ಇನ್ನೊಂದ್ಸಲ ಹಾಕು” ಎಂದರು. ನಾನು ಮತ್ತೆ ಕೀಲಿ ಕೊಟ್ಟೆ.